ಸವಾರನ ಸಮೇತ ಸೈಕಲ್ ನೋಡುವುದು

ಕೇಳುಗರಿಗೆಲ್ಲ ನಮಸ್ಕಾರ.

ರೋಡ್ ಬೈಕಿನ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ರೇಸಿನ ಬಗೆಯ ಸೈಕಲ್ಲಿನ ಹುಚ್ಚು ಹಿಡಿದವರು ತಮ್ಮ ಸೈಕಲ್ಲನ್ನು ನಾಲ್ಕು ಜನಕ್ಕೆ ತೋರಿಸುವುದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಸೈಕಲ್ಲನ್ನು ಗೋಡೆಗೆ ಒರಗಿಸಬೇಕು, ಚೈನಿರುವ ಬಲಮಗ್ಗುಲು ಈಚೆಗಿರಬೇಕು. ಚೈನು ಮುಂದೆ ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರದ ಮೇಲೆ, ಹಿಂದೆ ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರದ ಮೇಲೆ ಕೂತಿರಬೇಕು. ಎರಡೂ ಗಾಲಿಯ ವಾಲ್ವು ನೆಲದ ಕಡೆಗೆ, ಟೈರಿನ ಮೇಲಿನ ಕಂಪನಿ ಹೆಸರು ಸರಿಯಾಗಿ ವಾಲ್ವಿನ ಎದುರಿಗೆ. ಸೀಟಿನ ಕೆಳಗೆ ಚೀಲ ಬೇಡ, ಗಂಟೆ ಬೇಡ, ದೀಪವೂ ಬೇಡ. ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತಿ ಇಳಿದವರು ತಿಂಡಿಗೆ ನಿಂತಾಗ ಸಾಲಾಗಿ ಒರಗಿಸಿಟ್ಟ ಸೈಕಲ್ಲುಗಳ ಮುಂದೆ ಈ ಪರೀಕ್ಷೆ ನಡೆಯುತ್ತದೆ. ಇಡ್ಲಿ ಬರುವಷ್ಟರಲ್ಲಿ ತೀರ್ಪೂ ಬಂದಿರುತ್ತದೆ. ಇದು ಸೈ, ಅದರ ಹ್ಯಾಂಡಲ್ ತೀರಾ ಎತ್ತರ, ಇವರ ಸೀಟು ಮುಂದಕ್ಕೆ ಬಗ್ಗಿದೆ, ಅವರ ಟೈರು ದಪ್ಪ.

ಈ ತೀರ್ಪುಗಳಲ್ಲಿ ನನಗೂ ಪ್ರೀತಿಯಿದೆ. ಒಂದು ಯಂತ್ರವನ್ನು ಇಷ್ಟು ಹತ್ತಿರದಿಂದ, ಇಷ್ಟು ಮಮತೆಯಿಂದ ನೋಡುವ ಜನ ಇದ್ದಾರಲ್ಲ ಅನ್ನುವುದೇ ಸಂತೋಷ. ಅವರ ಕಟ್ಟಳೆಗಳಲ್ಲಿ ಕೆಲವಕ್ಕೆ ಗಟ್ಟಿ ಕಾರಣವೂ ಇದೆ. ಟೈರಿನ ಹೆಸರು ವಾಲ್ವಿನ ಎದುರಿಗೇ ಬರಬೇಕು ಅನ್ನುವುದನ್ನೇ ತೆಗೆದುಕೊಳ್ಳಿ. ನೋಡುವವರಿಗೆ ಅದು ಬರೀ ಓರಣ. ದಾರಿಯಲ್ಲಿ ಪಂಕ್ಚರ್ ಆದಾಗ ಅದರ ಬೆಲೆ ತಿಳಿಯುತ್ತದೆ. ಟ್ಯೂಬಿಗೆ ಗಾಳಿ ತುಂಬಿ ತೂತು ಎಲ್ಲಿದೆ ಎಂದು ಹುಡುಕುತ್ತೀರಿ, ವಾಲ್ವಿನಿಂದ ಒಂದು ಗೇಣು ಆಚೆ ಸಿಗುತ್ತದೆ. ಟೈರಿನ ಮೇಲೂ ಹೆಸರಿನಿಂದ ಒಂದು ಗೇಣು ಆಚೆ ಬೆರಳಾಡಿಸಿದರೆ ಜಾಲಿಮುಳ್ಳಿನ ಮೊನೆ ಅಲ್ಲೇ ಚುಚ್ಚುತ್ತದೆ. ಅದನ್ನು ಕೀಳದೆ ಹೊಸ ಟ್ಯೂಬು ಹಾಕಿದರೆ ಅರ್ಧ ಕಿಲೋಮೀಟರಿಗೆ ಮತ್ತೆ ಗಾಳಿ ಇಳಿಯುತ್ತದೆ. ಹಾಗಾಗಿ ಈ ಕಟ್ಟಳೆ ರಿಪೇರಿಯ ಕೈಯಿಂದ ಹುಟ್ಟಿದ್ದು, ನಾನು ಅದನ್ನು ಪೂರ್ತಿ ಒಪ್ಪುತ್ತೇನೆ.

ನನ್ನ ತಕರಾರು ಇರುವುದು ಇನ್ನೊಂದು ಬಗೆಯ ತೀರ್ಪಿನ ಮೇಲೆ. ಹ್ಯಾಂಡಲ್ ಎಷ್ಟು ತಗ್ಗಿನಲ್ಲಿರಬೇಕು, ಸೀಟು ಎಷ್ಟು ಎತ್ತರ, ಫ್ರೇಮು ಎಷ್ಟು ದೊಡ್ಡದು, ಇವನ್ನೆಲ್ಲ ಸವಾರನಿಲ್ಲದ ಸೈಕಲ್ ನೋಡಿ ಹೇಳುತ್ತೇವೆ. ಆ ಕಣ್ಣು ನಮಗೆ ಎಲ್ಲಿಂದ ಬಂತು?

ಬಹುಮಟ್ಟಿಗೆ ಇಟಲಿಯಿಂದ. ಕೊಲ್ನಾಗೊ, ಬಿಯಾಂಕಿಯಂಥ ಕಂಪನಿಗಳು ಉಕ್ಕಿನ ಕೊಳವೆಗಳಲ್ಲಿ ರೇಸಿನ ಸೈಕಲ್ ಕಟ್ಟುತ್ತಿದ್ದ ಕಾಲದಿಂದ. ಆ ಫ್ರೇಮುಗಳಲ್ಲಿ ಮೇಲಿನ ಕೊಳವೆ ನೆಲಕ್ಕೆ ಸಮಾಂತರ. ಹ್ಯಾಂಡಲ್ ಕೂರುವ ಮುಂದಿನ ಕೊಳವೆ ನೆಲಕ್ಕೆ ಸುಮಾರು 73 ಡಿಗ್ರಿ ಕೋನದಲ್ಲಿ ವಾಲಿರುತ್ತದೆ. ಹ್ಯಾಂಡಲ್ಲನ್ನು ಹಿಡಿಯುವ ಸ್ಟೆಮ್ ಅದಕ್ಕೆ ನೇರ ಲಂಬವಾಗಿರದೆ 17 ಡಿಗ್ರಿ ಕೆಳಗೆ ಬಾಗಿದ್ದರೆ, ಅದೂ ನೆಲಕ್ಕೆ ಸಮಾಂತರವಾಗುತ್ತದೆ. ಎರಡು ಸಮಾಂತರ ಗೆರೆ, ನಡುವೆ ತೆಳುವಾದ ಕೊಳವೆಗಳ ತ್ರಿಕೋನ. ನಿಜಕ್ಕೂ ಕಣ್ಣು ತುಂಬುವ ರೂಪ. 1990ರ ದಶಕದ ಕೊನೆಯಲ್ಲಿ ಮೈಕ್ ಬರೋಸ್ ಎಂಬ ವಿನ್ಯಾಸಕಾರ ತೈವಾನಿನ ಜೈಂಟ್ ಕಂಪನಿಗಾಗಿ ಮೇಲಿನ ಕೊಳವೆಯನ್ನು ಹಿಂದಕ್ಕೆ ಇಳಿಜಾರಾಗಿಸಿದ ಟಿಸಿಆರ್ ಎಂಬ ಸೈಕಲ್ ರೂಪಿಸಿದಾಗ ಮೂಗು ಮುರಿದವರು ಬಹಳ. ಇವತ್ತು ಅಂಗಡಿಗೆ ಹೋದರೆ ಇಳಿಜಾರಿಲ್ಲದ ಫ್ರೇಮು ಸಿಗುವುದೇ ಕಷ್ಟ.

ಆ ಹಳೆಯ ರೂಪದ ಶಿಖರ ಅಂದರೆ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದ ಸೈಕಲ್. ಕಟ್ಟಿದ್ದು ಎರ್ನೆಸ್ಟೊ ಕೊಲ್ನಾಗೊ, ತೂಕ ಆರು ಕಿಲೋಗೂ ಕಡಿಮೆ. ಅದರ ಚಿತ್ರ ನೋಡಿ ಸೈಕಲ್ ಅಂದರೆ ಹೀಗಿರಬೇಕು ಅನ್ನುವವರು ಈಗಲೂ ಇದ್ದಾರೆ. ಆದರೆ ಮರ್ಕ್ಸ್ ತಮ್ಮ ಸೈಕಲ್ಲಿನ ಜೊತೆ ಹೇಗಿದ್ದರು ಅನ್ನುವುದು ಇನ್ನೊಂದು ಕಥೆ. 1969ರಲ್ಲಿ ಫ್ರಾನ್ಸಿನ ಬ್ಲುವಾದಲ್ಲಿ, ಮೋಟಾರು ಸೈಕಲ್ಲಿನ ಹಿಂದೆ ಹೋಗುವ ಟ್ರ್ಯಾಕ್ ಪಂದ್ಯದಲ್ಲಿ ಭೀಕರ ಅಪಘಾತವಾಯಿತು. ಅವರ ಮುಂದೆ ಮೋಟಾರು ನಡೆಸುತ್ತಿದ್ದ ಫರ್ನಾಂಡ್ ವಾಂಬ್ಸ್ಟ್ ತೀರಿಹೋದರು. ಮರ್ಕ್ಸ್ ಬದುಕಿದರು, ಆದರೆ ಸೊಂಟದ ಮೂಳೆ ಜಾಗ ತಪ್ಪಿತು. ಅಲ್ಲಿಂದಾಚೆ ಸೀಟಿನ ಮೇಲೆ ನೋವಿಲ್ಲದೆ ಕೂತ ದಿನವೇ ಇಲ್ಲ ಅನ್ನುವಂತಾಯಿತು. ಸ್ಪ್ಯಾನರು ಜೊತೆಗಿಟ್ಟುಕೊಂಡು ರೇಸಿನ ನಡುವೆಯೇ ಸೀಟನ್ನು ಒಂದಿಷ್ಟು ಏರಿಸುವುದು, ಇಳಿಸುವುದು ಮಾಡುತ್ತಿದ್ದರು. ಅಪಘಾತಕ್ಕೆ ಮುಂಚೆ ಅವರು ಗೆದ್ದ ಟೂರ್ ಡಿ ಫ್ರಾನ್ಸ್ ರೇಸು ಒಂದು, ಆಮೇಲೆ ನಾಲ್ಕು. ಅಷ್ಟು ದೊಡ್ಡ ಸವಾರನಿಗೂ ತನ್ನ ಸೀಟಿನ ಎತ್ತರ ಇಷ್ಟೇ ಎಂದು ಒಂದು ಅಳತೆಗೆ ಮೊಳೆ ಹೊಡೆಯಲು ಆಗಲಿಲ್ಲ. ದೇಹ ಬೇಡಿದ ಹಾಗೆ ಸೆಟಪ್ ಬದಲಾಗುತ್ತಿತ್ತು.

ರೂಪದ ಮೇಲಿನ ಈ ಹಟ ಗೆಳೆಯರ ಮಾತುಕತೆಗಷ್ಟೇ ಸೀಮಿತವಾದದ್ದೂ ಅಲ್ಲ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾವೇ ಬೆಸುಗೆ ಹಾಕಿ ಒಂದು ಸೈಕಲ್ ಕಟ್ಟಿದರು, ಅದರಲ್ಲಿ ವಾಷಿಂಗ್ ಮಷೀನಿನ ಬೇರಿಂಗು ಇತ್ತು. ತೋಳು ಮಡಚಿ ಎದೆಯ ಕೆಳಗೆ ಸೇರಿಸಿ, ಹ್ಯಾಂಡಲ್ಲಿನ ಮೇಲೆಯೇ ಮೈ ಊರಿ ತುಳಿಯುವ ಭಂಗಿ. ಮಂಡಿ ತಾಗಬಾರದು ಎಂದು ಮೇಲಿನ ಕೊಳವೆಯನ್ನೇ ತೆಗೆದುಹಾಕಿದ್ದರು. ಯಾವ ಗೋಡೆಗೆ ಒರಗಿಸಿದರೂ ಚಂದ ಕಾಣುವ ಸೈಕಲ್ ಅದಲ್ಲ. 1993ರ ಜುಲೈಯಲ್ಲಿ ನಾರ್ವೆಯ ಹಾಮಾರಿನಲ್ಲಿ ಆ ಸೈಕಲ್ಲಿನ ನಕಲೊಂದನ್ನು ಹತ್ತಿ ಗಂಟೆಯ ದಾಖಲೆಗೆ ಹೋಗಿ ಸೋತರು. ಮರುದಿನ ಬೆಳಿಗ್ಗೆ ತಮ್ಮ ಹಳೆಯ ಸೈಕಲ್ಲನ್ನೇ ಹತ್ತಿ 51.596 ಕಿಲೋಮೀಟರ್ ತುಳಿದು ದಾಖಲೆ ಮುರಿದರು. ಮರುವರ್ಷವೇ ಸೈಕ್ಲಿಂಗಿನ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಆ ಭಂಗಿಯನ್ನು ನಿಷೇಧಿಸಿತು. ಓಬ್ರಿ ತೋಳು ಮುಂದಕ್ಕೆ ಚಾಚುವ ಇನ್ನೊಂದು ಭಂಗಿ ಹುಡುಕಿದರು, ಕೊನೆಗೆ ಅದಕ್ಕೂ ನಿಷೇಧ ಬಂತು. 2000ದಲ್ಲಂತೂ ಯುಸಿಐ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ, ಮರ್ಕ್ಸ್ ತುಳಿದಂಥ ಸೈಕಲ್ ಮೇಲೆ ಮಾಡಿದ್ದೇ ಗಂಟೆಯ ದಾಖಲೆ ಎಂದಿತು. ರಸ್ತೆ ಸೈಕಲ್ಲಿಗೆ 6.8 ಕಿಲೋ ಕನಿಷ್ಠ ತೂಕದ ನಿಯಮ ಬಂದದ್ದೂ ಅದೇ ವರ್ಷ. ಹಣವಿದ್ದವನ ಯಂತ್ರವೇ ಗೆಲ್ಲಬಾರದು ಅನ್ನುವ ಕಾಳಜಿ ಆ ನಿಯಮಗಳ ಹಿಂದೆ ಇತ್ತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಓಬ್ರಿಯ ಹತ್ತಿರ ಹಣವೇ ಇರಲಿಲ್ಲ. ಅವರಿಗೆ ಆದದ್ದು ಅನ್ಯಾಯ ಎಂದೇ ನನ್ನ ಎಣಿಕೆ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಗುಂಪುಗಳಲ್ಲಿ ಅತಿ ಹೆಚ್ಚು ಮಾತಿಗೆ ಸಿಗುವುದು ಸ್ಟೆಮ್. ಅದರ ಕೆಳಗೆ ಬಳೆಯಂಥ ಸ್ಪೇಸರುಗಳಿರುತ್ತವೆ, ಅವನ್ನು ಸೇರಿಸಿದರೆ ಹ್ಯಾಂಡಲ್ ಏರುತ್ತದೆ, ತೆಗೆದರೆ ಇಳಿಯುತ್ತದೆ. ಒಂದೂ ಸ್ಪೇಸರ್ ಇಲ್ಲದೆ ಸ್ಟೆಮ್ ಫ್ರೇಮಿಗೆ ಅಂಟಿಕೊಂಡು ಕೂತಿದ್ದರೆ ಸೈಕಲ್ಲಿಗೆ ಪೂರ್ತಿ ಅಂಕ. ನಮ್ಮ ಜೊತೆ ಬರುವ ನಿವೃತ್ತ ಮೇಷ್ಟ್ರೊಬ್ಬರ ಸೈಕಲ್ಲಿನಲ್ಲಿ ಸ್ಪೇಸರುಗಳ ಗೋಪುರವೇ ಇದೆ, ಸಾಲದ್ದಕ್ಕೆ ಸ್ಟೆಮ್ಮನ್ನು ಮೇಲ್ಮುಖ ತಿರುಗಿಸಿದ್ದಾರೆ. ಹೊಸದಾಗಿ ಸೇರಿದ ಹುಡುಗನೊಬ್ಬ ಸಂಕೋಚದಿಂದಲೇ ಹೇಳಿದ: "ಸರ್, ಆ ಸ್ಪೇಸರ್ ತೆಗ್ದು ಸ್ಟೆಮ್ ತಿರುಗಿಸಿದ್ರೆ ಬೈಕ್ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?" ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಕಾಣುತ್ತಪ್ಪಾ, ಆದ್ರೆ ಕತ್ತು ನಂದು" ಅಂದರು.

ಆ ಉತ್ತರದಲ್ಲಿ ಸೈಕಲ್ ಫಿಟ್ಟಿಂಗಿನ, ಅಂದರೆ ಸವಾರನ ಮೈಗೆ ಸೈಕಲ್ಲನ್ನು ಹೊಂದಿಸುವ ಕೆಲಸದ, ಅರ್ಧ ಶಾಸ್ತ್ರ ಇದೆ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಿರುವವರು ತೀರಾ ತಗ್ಗಿನ ಹ್ಯಾಂಡಲ್ ಹಿಡಿದರೆ ಸೊಂಟದಿಂದ ಬಗ್ಗಲಾಗದೆ ಬೆನ್ನನ್ನು ಗೂನು ಮಾಡುತ್ತಾರೆ. ಮೊಣಕೈ ನೆಟ್ಟಗಾಗಿ ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ, ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ, ರಸ್ತೆ ನೋಡಲು ಕತ್ತನ್ನು ಹಿಂದಕ್ಕೆ ಮುರಿಯಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಸಾಕಾಗಿ ಹ್ಯಾಂಡಲ್ಲಿನ ಮೇಲ್ಭಾಗ ಹಿಡಿದು ಎದ್ದು ಕೂರುತ್ತಾರೆ. ಆಗ ಎದೆಗೆ ಬಡಿಯುವ ಗಾಳಿ ಇನ್ನೂ ಜಾಸ್ತಿ. ಎತ್ತರದ ಹ್ಯಾಂಡಲ್ಲಿನ ಮೇಲೆ ಮೊಣಕೈ ಸಡಿಲವಾಗಿ ಮಡಚಿ ಗಂಟೆಗಟ್ಟಲೆ ಕೂರಬಲ್ಲವರು ಅಂಥವರನ್ನು ಸಲೀಸಾಗಿ ಹಿಂದೆ ಹಾಕುತ್ತಾರೆ. ಮೇಷ್ಟ್ರು ಹಾಕುತ್ತಾರೆ ಕೂಡ.

ಈಚಿನ ಸೈಕಲ್ಲುಗಳಲ್ಲಿ ಚಂದದ ಬೆಲೆ ಇನ್ನಷ್ಟು ಏರಿದೆ. ಬ್ರೇಕಿನ ಕೊಳವೆಗಳು, ಗೇರಿನ ತಂತಿಗಳು ಈಗ ಹೊರಗೆ ಕಾಣುವುದಿಲ್ಲ, ಹ್ಯಾಂಡಲ್ಲಿನ ಒಳಗಿಂದಲೇ ಫ್ರೇಮಿಗೆ ಇಳಿಯುತ್ತವೆ. ಹ್ಯಾಂಡಲ್, ಸ್ಟೆಮ್ ಎರಡೂ ಒಂದೇ ಅಚ್ಚಿನ ಕಾರ್ಬನ್ ತುಂಡು. ನೋಡಲು ಅಷ್ಟು ನುಣುಪು, ಒಪ್ಪಲೇಬೇಕು. ಆದರೆ ಸ್ಟೆಮ್ ಒಂದು ಸೆಂಟಿಮೀಟರ್ ಉದ್ದವಾಯಿತು ಅನ್ನಿಸಿದರೆ ಇಡೀ ತುಂಡನ್ನೇ ಬದಲಿಸಬೇಕು. ಬ್ರೇಕಿನ ಕೊಳವೆ ಬಿಚ್ಚಿ, ಅದರೊಳಗಿನ ಆಯಿಲ್ ತೆಗೆದು, ಮತ್ತೆ ತುಂಬಿ, ಗಾಳಿಗುಳ್ಳೆ ಹೋಗಲಾಡಿಸಬೇಕು. ಸ್ಟೆಮ್ ಬೇರೆ ಇದ್ದ ಸೈಕಲ್ಲಿನಲ್ಲಿ ಅಲೆನ್ ಕೀ ಹಿಡಿದು ಕಾಲುಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು. ನಮ್ಮ ಮಳೆ ಧೂಳಿನಲ್ಲಿ ಹ್ಯಾಂಡಲ್ ತಿರುಗುವ ಮುಂದಿನ ಬೇರಿಂಗು ತುಕ್ಕು ಹಿಡಿದರೂ ಅದೇ ಪಾಡು. ಕೊಳ್ಳುವಾಗ ಫಿಟ್ಟಿಂಗ್ ಮೊದಲು ಆಗಿ, ಅಳತೆ ಗೊತ್ತಾದ ಮೇಲೆ ಇಂಥ ಹ್ಯಾಂಡಲ್ ಆರಿಸಿದರೆ ತೊಂದರೆಯಿಲ್ಲ. ಆಗುವುದು ಸಾಮಾನ್ಯವಾಗಿ ಅದರ ಉಲ್ಟಾ.

ಸೀಟಿನ ಎತ್ತರದ ವಿಷಯದಲ್ಲಿ ನಾನು ಕಂಡ ಒಳ್ಳೆಯ ತೀರ್ಪುಗಾರರು ಉತ್ತರ ಕರ್ನಾಟಕದವರು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಸಂಪ್ರದಾಯ ದೊಡ್ಡದು, ಅಲ್ಲಿನ ಕ್ರೀಡಾನಿಲಯಗಳಲ್ಲಿ ಬೆಳೆದವರು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅಂಥ ಹುಡುಗನೊಬ್ಬ ನಮ್ಮ ಜೊತೆ ಬಂದಿದ್ದ. ಸೈಕಲ್ಲು ಎಷ್ಟೋ ಕೈ ದಾಟಿ ಬಂದದ್ದು, ಹ್ಯಾಂಡಲ್ಲಿನ ಟೇಪು ಸವೆದ ಕಡೆ ಇನ್ಸುಲೇಷನ್ ಟೇಪು ಸುತ್ತಿತ್ತು. ನಿಲ್ಲಿಸಿದ ಸೈಕಲ್ಲುಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹೊರಟ ಮೇಲೆ ದುಬಾರಿ ಕಾರ್ಬನ್ ಸೈಕಲ್ಲಿನವರೊಬ್ಬರ ಹಿಂದೆ ಸ್ವಲ್ಪ ದೂರ ಬಂದು, ಪಕ್ಕಕ್ಕೆ ಸರಿದು, "ಅಣ್ಣಾರ, ಸೀಟ ಎತ್ತರ ಆಗೇತ್ರಿ, ಸೊಂಟ ಅಳ್ಳಾಡಾಕತ್ತೇತಿ" ಅಂದ. ಗಮನಿಸಿದರೆ ಹೌದು, ಪೆಡಲ್ ಕೆಳಗೆ ಹೋದಾಗಲೆಲ್ಲ ಅವರ ಸೊಂಟ ಆ ಕಡೆ ಈ ಕಡೆ ಜಾರುತ್ತಿತ್ತು. ಸೀಟು ಕೊಂಚ ಇಳಿಸಿದ ಮೇಲೆ ಅಲ್ಲಾಟ ನಿಂತಿತು. ಹೊರಗೆ ಕಾಣುವ ಸೀಟಿನ ಕಂಬ ಗಿಡ್ಡವಾಗಿ, ಫೋಟೊದಲ್ಲಿನ ಗತ್ತು ಸ್ವಲ್ಪ ಇಳಿದಿರಬಹುದು.

ಇದಕ್ಕೆ ಲೆಕ್ಕವೂ ಉಂಟು. ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಅಮೆರಿಕನ್ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ ಹೀಗಿದೆ: ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಇದ್ದರೆ ಎರಡೂ ಪೆಡಲ್ಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲಕ್ಕೆ 70.6 ಬರುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಮಡಚಿರಲಿ ಅನ್ನುವುದು ಇನ್ನೊಂದು ಲೆಕ್ಕ. ಎರಡೂ ಆರಂಭಕ್ಕೆ ಸರಿ. ಶೂ ಎಷ್ಟು ದಪ್ಪ, ಪಾದ ಎಷ್ಟು ಉದ್ದ, ಪೆಡಲ್ಲಿನ ತೋಳು, ಅಂದರೆ ಕ್ರ್ಯಾಂಕ್, ಎಷ್ಟು ಉದ್ದ ಅನ್ನುವುದರ ಮೇಲೆ ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಆಗುತ್ತದೆ. ಕ್ರ್ಯಾಂಕ್ 172.5 ಮಿಲಿಮೀಟರ್ ಇದ್ದರೇ ರೇಸಿನ ಸೈಕಲ್ ಅನ್ನುತ್ತಿದ್ದವರು, ಟೂರ್ ಗೆದ್ದ ಸ್ಲೊವೇನಿಯಾದ ತಾಡೇಯ್ ಪೊಗಾಚಾರ್ 165ಕ್ಕೆ ಇಳಿದ ಮೇಲೆ ಈಗ ಎಲ್ಲರಿಗೂ 165 ಹೇಳುತ್ತಿದ್ದಾರೆ. ಅದನ್ನೂ ಅವರವರ ಕಾಲು ನೋಡಿಯೇ ಹೇಳಬೇಕು.

ಈ ಕಣ್ಣಿನ ಅಳತೆಯಿಂದ ಹೆಚ್ಚು ನೋಯುವವರು ಹೆಂಗಸರು, ಕುಳ್ಳಗಿರುವ ಗಂಡಸರು. ಕ್ಯಾಟಲಾಗಿನ ಫೋಟೊಗೆ ಸಾಮಾನ್ಯವಾಗಿ 54, 56 ಸೆಂಟಿಮೀಟರ್ ಅಳತೆಯ ಫ್ರೇಮು ನಿಲ್ಲಿಸುತ್ತಾರೆ. ಅದೇ ಸೈಕಲ್ 44ರ ಅಳತೆಯಲ್ಲಿ ಬಂದಾಗ ಗಾಲಿ ಮಾತ್ರ ಅಷ್ಟೇ ದೊಡ್ಡದಿದ್ದು, ನಡುವೆ ಫ್ರೇಮು ಅಮುಕಿದಂತೆ ಕಾಣುತ್ತದೆ. ತಿರುವಿನಲ್ಲಿ ಶೂ ತುದಿ ಮುಂದಿನ ಗಾಲಿಗೆ ತಾಗುವುದೂ ಉಂಟು. ಚಿಕ್ಕ ಫ್ರೇಮಿಗೆ ಚಿಕ್ಕ ಗಾಲಿ ಹಾಕಿದರೆ ಎರಡೂ ಸರಿಹೋಗುತ್ತವೆ, ಆದರೆ ಹಾಗೆ ಮಾಡುವ ಕಂಪನಿಗಳು ಕಡಿಮೆ. ಸೀಟಿನ ಮೂಗು ತುಸು ಕೆಳಗೆ ಬಾಗಿದ್ದರೂ ನಗುವವರಿದ್ದಾರೆ. ಸೀಟು ಮಟ್ಟವಾಗಿಯೇ ಇರಬೇಕು ಎಂಬ ನಿಯಮ ಯುಸಿಐನಲ್ಲೂ ಇತ್ತು, ಆಮೇಲೆ 9 ಡಿಗ್ರಿವರೆಗೆ ಬಾಗಿಸಲು ಬಿಟ್ಟರು. ಮುಂದಕ್ಕೆ ಬಗ್ಗಿ ತುಳಿಯುವಾಗ ಸೂಕ್ಷ್ಮ ಜಾಗಕ್ಕೆ ಒತ್ತಡ ಬಿದ್ದು ಗಾಯವಾಗುವುದು ನಿಜ, ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ಎಷ್ಟೋ ಹೆಂಗಸರು ಸೈಕಲ್ಲನ್ನೇ ಬಿಟ್ಟಿದ್ದಾರೆ. ಅಂಥ ಕಡೆ ಚಂದದ ಮಾತು ಆಡಲೇಬಾರದು.

ಟೈರಿನ ಜಗಳ ಬಹುಪಾಲು ಮುಗಿದಿದೆ. 23 ಮಿಲಿಮೀಟರಿನ ತೆಳು ಟೈರು ಈಗ ರೇಸಿನಲ್ಲೂ ಮರೆಯಾಗಿ 28, 30 ಬಂದಿವೆ. ಒರಟು ರಸ್ತೆಯಲ್ಲಿ ಗಟ್ಟಿ ಗಾಳಿಯ ತೆಳು ಟೈರು ಪುಟಿಪುಟಿದು ಶಕ್ತಿ ಪೋಲಾಗುತ್ತದೆ ಎಂದು ಗೊತ್ತಾಗಿದೆ. ನಮ್ಮ ರಸ್ತೆಗಳಿಗೆ 32 ಹಾಕಿದರೂ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ಕಿವಿಮಾತು, ಹೊಸದಾಗಿ ಸೈಕಲ್ ಕೊಂಡವರಿಗೆ. ಸ್ಪೇಸರ್ ತೆಗೆದು ಸ್ಟೆಮ್ ಇಳಿಸಿದಾಗ ಮೇಲೆ ಫೋರ್ಕಿನ, ಅಂದರೆ ಮುಂದಿನ ಗಾಲಿ ಹಿಡಿಯುವ ಕವಲಿನ, ಕೊಳವೆಯ ತುಂಡು ಉಳಿಯುತ್ತದೆ. ತೆಗೆದ ಸ್ಪೇಸರುಗಳನ್ನು ಅದಕ್ಕೆ ತೊಡಿಸಿ ಮುಚ್ಚಳ ಹಾಕಬೇಕು. ಅದು ಕೊಂಬಿನ ಹಾಗೆ ಎದ್ದು ನಿಂತಿರುತ್ತದೆ, ಜನ ನೋಡಿದ ಕೂಡಲೇ "ಕಟ್ ಮಾಡಿಸ್ಬಿಡಿ" ಅನ್ನುತ್ತಾರೆ. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ಇವತ್ತು ಬಗ್ಗುವ ಬೆನ್ನು ಮುಂದಿನ ವರ್ಷ ಬಗ್ಗದಿರಬಹುದು, ಸೈಕಲ್ಲು ತಮ್ಮನಿಗೋ ಮಗಳಿಗೋ ಹೋಗಬಹುದು. ಒಂದು ಮಳೆಗಾಲ, ಒಂದು ಬೇಸಿಗೆ ಹಾಗೆಯೇ ಓಡಿಸಿ. ಉದ್ದ ದಾರಿಯಲ್ಲಿ ಕೈ, ಕತ್ತು, ಸೊಂಟ ಮೂರೂ ಸುಮ್ಮನಿವೆಯೇ ನೋಡಿಕೊಳ್ಳಿ. ಆಮೇಲೂ ಕತ್ತರಿಸಬೇಕು ಅನ್ನಿಸಿದರೆ, ಕಾರ್ಬನ್ ಕೊಳವೆ ಕತ್ತರಿಸಿ ಅಭ್ಯಾಸವಿರುವ ಮೆಕ್ಯಾನಿಕ್ ಹತ್ತಿರ ಹೋಗಿ, ಒಂದು ಸ್ಪೇಸರಿನಷ್ಟಾದರೂ ಉಳಿಸಿ ಕತ್ತರಿಸಲು ಹೇಳಿ.

ನಮಸ್ಕಾರ.