ಅಪ್ಪನ 800ಕ್ಕೆ ಬೆಲೆ ಕಟ್ಟಿದ ಕಥೆ

ಕೇಳುಗರೇ, ನಮಸ್ಕಾರ.

ಮೇ ತಿಂಗಳಲ್ಲಿ ಬೆಂಗಳೂರಿಗೆ ಮಳೆ ಹೇಗೆ ಬರುತ್ತದೆ ಅಂತ ಗೊತ್ತಲ್ವಾ? ಮೊದಲು ಧೂಳು, ಆಮೇಲೆ ಗಾಳಿ, ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಅಂಥ ಒಂದು ಸಂಜೆ ನಮ್ಮ ಬೀದಿಯ ಗುಲ್‌ಮೊಹರ್ ಮರದ ಕೊಂಬೆ ಮುರಿದು ಅಪ್ಪನ ಕಾರಿನ ಮೇಲೆ ಬಿತ್ತು. 2005ರ ಮಾರುತಿ 800, ಬಿಳಿ ಬಣ್ಣ. ಚಾವಣಿ ಸ್ಟೀರಿಂಗ್ ತನಕ ಕುಸಿದಿತ್ತು. ಮುಂದಿನ ಗಾಜು ಜೇಡರ ಬಲೆ. ಅದರ ಮೇಲೆ ಒದ್ದೆ ಕೆಂಪು ಹೂವು. ಅಪ್ಪ ಛತ್ರಿ ಹಿಡಿದು ಹೋದವರು ಮೊದಲು ಬಗ್ಗಿ ನೋಡಿದ್ದು ಡ್ಯಾಶ್‌ಬೋರ್ಡಿನ ಪುಟ್ಟ ಗಣೇಶನನ್ನು. ಗಣೇಶ ಚೆನ್ನಾಗಿದ್ದ.

ಪುಣ್ಯಕ್ಕೆ ಕಾರಿನ ವಿಮೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿರಲಿಲ್ಲ. ಹಳೇ ಕಾರಿಗೆ ಅದೇ ಸಾಕು ಅಂತ ಎಷ್ಟೋ ಜನ ಇರುತ್ತಾರೆ. ಕಾನೂನಿಗೆ ಅಷ್ಟು ಸಾಕು, ನಿಜ. ಆದರೆ ಅದರಲ್ಲಿ ಸಿಗುವ ಹಣ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಮರ ಬಿದ್ದರೆ ನಿಮ್ಮ ಕಾರಿಗೆ ಒಂದು ಪೈಸೆ ಇಲ್ಲ.

ಗ್ಯಾರೇಜಿನವರು ಕೊಟ್ಟ ಅಂದಾಜು 71,000 ರೂಪಾಯಿ. ಪಾಲಿಸಿಯಲ್ಲಿ ಕಾರಿನ ಬೆಲೆ, ಅಂದರೆ ಐಡಿವಿ, 60,000. ಹೊಸ ಕಾರಿಗೆ ಈ ಐಡಿವಿ ಲೆಕ್ಕ ಹಾಕಲು ಒಂದು ಪಟ್ಟಿ ಇದೆ. ಮೊದಲ 6 ತಿಂಗಳಿಗೆ ನೂರಕ್ಕೆ 5 ಕಡಿತ, ನಾಲ್ಕು ವರ್ಷ ದಾಟಿ ಐದನೇ ವರ್ಷಕ್ಕೆ ಬಂದರೆ ನೂರಕ್ಕೆ 50. ಐದು ವರ್ಷ ಮುಗಿದ ಮೇಲೆ ಪಟ್ಟಿಯೇ ಇಲ್ಲ, ಕಂಪನಿಯೂ ನೀವೂ ಮಾತಾಡಿಕೊಂಡು ಬೆಲೆ ಒಪ್ಪಿಕೊಳ್ಳಬೇಕು. ಮಾತಾಡಿಕೊಳ್ಳುವವರು ಯಾರು ಹೇಳಿ? ನವೀಕರಣದ ದಿನ ಫೋನಿನಲ್ಲಿ ಒಂದು ಅಂಕಿ ಬರುತ್ತದೆ, ಪ್ರೀಮಿಯಂ ಕಮ್ಮಿ ಕಾಣುತ್ತದೆ, ಒತ್ತಿಬಿಡುತ್ತೇವೆ. ಅಷ್ಟೇ.

ಐಡಿವಿ ಇಳಿಸಿದರೆ ಎಷ್ಟು ಉಳಿಯುತ್ತದೆ ಅಂತ ನೋಡಿ. ಥರ್ಡ್ ಪಾರ್ಟಿ ಪ್ರೀಮಿಯಂಗೂ ಐಡಿವಿಗೂ ಸಂಬಂಧವೇ ಇಲ್ಲ. 1000 ಸಿಸಿವರೆಗಿನ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ ವರ್ಷಕ್ಕೆ 2,094 ರೂಪಾಯಿ, ಬೆಲೆ ಎಷ್ಟಾದರೂ ಇರಲಿ. ನಿಮ್ಮ ಕಾರಿನ ಹಾನಿಗೆ ಕಟ್ಟುವ ಭಾಗ ಮಾತ್ರ ಐಡಿವಿ ಜೊತೆ ಏರಿಳಿಯುತ್ತದೆ. ಹಳೇ ದರಪಟ್ಟಿಯಲ್ಲಿ, ಬೆಂಗಳೂರಿನಂಥ ಊರಲ್ಲಿ ಹತ್ತು ವರ್ಷ ದಾಟಿದ ಸಣ್ಣ ಕಾರಿಗೆ ಅದು ನೂರಕ್ಕೆ 3.36ರ ಹತ್ತಿರ. ಅಂದರೆ ಐಡಿವಿ 20,000 ಇಳಿಸಿದರೆ ವರ್ಷಕ್ಕೆ ಉಳಿಯುವುದು 670 ರೂಪಾಯಿ. ರಿಯಾಯಿತಿ ಸಿಗುತ್ತಿದ್ದರೆ ಅಷ್ಟೂ ಇಲ್ಲ. ಒಂದು ಸಲ ಮನೆಮಂದಿಯೆಲ್ಲ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೆ ಆಯಿತು.

ನಮ್ಮ ಕಥೆಗೆ ಬರುತ್ತೇನೆ. ರಿಪೇರಿ ಖರ್ಚು ಐಡಿವಿಯ ನೂರಕ್ಕೆ 75 ದಾಟಿದರೆ ಅದನ್ನು ಟೋಟಲ್ ಲಾಸ್ ಅನ್ನುತ್ತಾರೆ, ರಿಪೇರಿಯ ಬದಲು ಕಾರಿನ ಬೆಲೆ ಕೊಟ್ಟು ಮುಗಿಸುತ್ತಾರೆ. 60,000ಕ್ಕೆ 75 ಅಂದರೆ 45,000. ಹಳೇ ಕಾರಿನ ಕಷ್ಟವೇ ಇದು. ಹೊಸ ಕಾರಿಗೆ 71,000ದ ಪೆಟ್ಟು ಬಿದ್ದರೆ ಅದು ಬರೀ ರಿಪೇರಿ. ನಮ್ಮದಕ್ಕೆ ಅದೇ ಮರಣ ಪ್ರಮಾಣಪತ್ರ.

ನಷ್ಟದ ಲೆಕ್ಕ ಹಾಕುವ ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ, ಕಾಫಿ ಕುಡಿದರು, ಎಲ್ಲ ಮೂಲೆಯಿಂದ ಫೋಟೋ ತೆಗೆದರು. ಆಮೇಲೆ ಸುಮ್ನೆ ಅನ್ನುವ ಹಾಗೆ ಹೇಳಿದರು: "ಇಂಥ ಗಾಡಿ ಮಾರ್ಕೆಟ್ಟಲ್ಲಿ ನಲವತ್ತಕ್ಕೆ ಸಿಗತ್ತೆ ಸಾರ್. ನಲವತ್ತಕ್ಕೆ ಮುಗಿಸೋಣ." ನಾನು ತಲೆ ಆಡಿಸುವುದರಲ್ಲಿದ್ದೆ. ಅಪ್ಪ ಒಳಗೆ ಹೋಗಿ ಪಾಲಿಸಿಯ ಕಾಗದ ತಂದರು. ನಿವೃತ್ತ ಗುಮಾಸ್ತರು, ಸಣ್ಣ ಅಕ್ಷರ ಓದದೆ ಯಾವುದಕ್ಕೂ ಸಹಿ ಹಾಕಿದವರಲ್ಲ. ಐಡಿವಿ ವಿವರಿಸುವ ಪ್ಯಾರಾದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಟೋಟಲ್ ಲಾಸ್ ಆದಾಗ, ಪಾಲಿಸಿ ಜಾರಿಯಲ್ಲಿರುವಷ್ಟು ಕಾಲ, ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ತಿಳಿಯಬೇಕು, ಮತ್ತೆ ಸವಕಳಿ ಕಳೆಯುವ ಹಾಗಿಲ್ಲ ಅಂತ ಅಲ್ಲಿ ಬರೆದಿದೆ. ನಮ್ಮ ದೇಶದ ಮಾಮೂಲಿ ಕಾರು ಪಾಲಿಸಿಯಲ್ಲಿ ಈ ಸಾಲು ಇರುತ್ತದೆ, ನಿಮ್ಮದರಲ್ಲೂ ಹುಡುಕಿ. ಸರ್ವೇಯರ್ ಓದಿದರು, ಕನ್ನಡಕ ಸರಿಮಾಡಿಕೊಂಡರು, ಇನ್ನೊಮ್ಮೆ ಓದಿದರು. ನಲವತ್ತರ ಮಾತು ಮತ್ತೆ ಬರಲಿಲ್ಲ.

ಎಲ್ಲರ ಮನೆಯಲ್ಲೂ ಇಂಥ ಅಪ್ಪ ಇರುವುದಿಲ್ಲ. ಕಂಪನಿ ಒಪ್ಪದಿದ್ದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದದ್ದು ಸರಿಯಿಲ್ಲ ಅನ್ನಿಸಿದರೆ ಇಂಥ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ. ಫೀಸು ಇಲ್ಲ, ವಕೀಲರೂ ಬೇಡ.

ಸಣ್ಣ ಪೆಟ್ಟಿನ ಲೆಕ್ಕ ಬೇರೆ. ಅಲ್ಲಿ ಬಿಡಿಭಾಗದ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ಕಟ್. ಹತ್ತು ವರ್ಷ ದಾಟಿದ ಕಾರಾದರೆ ತಗಡಿಗೂ ಅರ್ಧ. ಗಾಜಿಗೆ ಮಾತ್ರ ಕಡಿತ ಇಲ್ಲ. 3,000 ರೂಪಾಯಿಯ ಬಂಪರ್ ಹಾಕಿಸಿದಿರಿ ಅಂದುಕೊಳ್ಳಿ. ಅರ್ಧ ಹೋಗಿ 1,500. ಸಣ್ಣ ಕಾರಿನವರು ಪ್ರತಿ ಕ್ಲೇಮಿಗೂ ಕೈಯಿಂದ ಹಾಕಬೇಕಾದ 1,000 ಹೋಗಿ ಉಳಿದದ್ದು 500. ಆ ಐನೂರಕ್ಕಾಗಿ ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ನೂರಕ್ಕೆ 50ರವರೆಗೆ ಇರಬಹುದು. ನಾನಾದರೆ ಬಂಪರ್ ದುಡ್ಡು ಜೇಬಿನಿಂದ ಕೊಟ್ಟು ಸುಮ್ಮನಿರುತ್ತೇನೆ.

1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾದ ವಿಂಟೇಜ್ ಕಾರಿಗಾದರೆ ಮೊದಲೇ ಒಪ್ಪಿಕೊಂಡ ಬೆಲೆಯ ಪಾಲಿಸಿ ಅಂತ ವ್ಯವಸ್ಥೆ ಇದೆ. ನಮ್ಮದು ವಿಂಟೇಜ್ ಅಲ್ಲವಲ್ಲ, ಬರೀ ಹಳೇದು.

ಟೋಟಲ್ ಲಾಸ್ ಆದ ಕಾರನ್ನು ಕಂಪನಿಗೇ ಬಿಟ್ಟುಕೊಡಬಹುದು, ಇಲ್ಲವೇ ಗುಜರಿ ಬೆಲೆ ಕಳೆದುಕೊಂಡು ನಾವೇ ಇಟ್ಟುಕೊಳ್ಳಬಹುದು. ಬಿಟ್ಟುಕೊಟ್ಟಿದ್ದರೆ, ಕೈಯಿಂದ ಹಾಕುವ ಆ 1,000 ಕಳೆದು, 59,000 ಬರುತ್ತಿತ್ತು. ಗುಜರಿ ಬೆಲೆ ಅಂತ 18,000 ಹಿಡಿದರು, ಇಟ್ಟುಕೊಂಡರೆ 41,000. ನಾನು ಕೊಟ್ಟುಬಿಡೋಣ ಅಂದೆ. ಅಪ್ಪ ಉತ್ತರ ಕೊಡಲಿಲ್ಲ, ಎದ್ದು ಹೋಗಿ ಕಾರಿನ ಮೇಲೆ ಟಾರ್ಪಾಲು ಹೊದಿಸಿ ಬಂದರು. ಗೊತ್ತಾಯಿತು.

ಇಟ್ಟುಕೊಳ್ಳುವವರು ಸಹಿ ಹಾಕುವ ಮೊದಲು ಆರ್‌ಸಿ ವಿಷಯ ಕೇಳಿಕೊಳ್ಳಿ. ಆರ್‌ಸಿ ರದ್ದು ಮಾಡಿಸಿ ತನ್ನಿ ಅಂತ ಕಂಪನಿ ಹಟ ಹಿಡಿದರೆ ಕಾರು ಮನೆ ಮುಂದೆ ಇರುತ್ತದೆ, ರಸ್ತೆಗೆ ಇಳಿಸುವ ಹಾಗಿರುವುದಿಲ್ಲ. ನಮಗೆ ಆರ್‌ಸಿ ಉಳಿಯಿತು.

ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು 800ರ ಚಾವಣಿ ಸಿಕ್ಕಿತು. ನಮ್ಮ ಮೆಕ್ಯಾನಿಕ್ ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಬಣ್ಣ ಬಳಿದು 36,000ಕ್ಕೆ ಕೆಲಸ ಮುಗಿಸಿದ. ಹೊಸ ಪಾಲಿಸಿಗೆ ಕಾರು ನೋಡಲು ಹುಡುಗನೊಬ್ಬ ಬಂದ. "ಸಾರ್, ಮೇಲಿನ ಬಿಳಿ ಬೇರೆ, ಕೆಳಗಿನ ಬಿಳಿ ಬೇರೆ ಅಲ್ವಾ?" ಅಂದ. ಅಪ್ಪ ಹೌದು ಅಂದರು. ಆಮೇಲೆ ಅವನನ್ನು ಕೂರಿಸಿ, ಚಾವಣಿಯ ಬಿಲ್ಲು, ಬಣ್ಣದ ಬಿಲ್ಲು, ಟೈರಿನ ಬಿಲ್ಲು ಒಂದೊಂದಾಗಿ ಮೇಜಿನ ಮೇಲಿಟ್ಟು ಕೇಳಿದರು: "ಈಗ ಹೇಳಪ್ಪ, ಐಡಿವಿ ಎಷ್ಟು ಬರಿತೀಯ?"