ಮುಂದೆ ಇರೋದು ಪಾಳಿ, ಪಟ್ಟ ಅಲ್ಲ

ನಮಸ್ಕಾರ ಎಲ್ಲರಿಗೂ. ಇವತ್ತು ಸೈಕಲ್ ಚೈನಿಗೆ ಯಾವ ಎಣ್ಣೆ ಹಾಕಬೇಕು ಅಂತ ಹೇಳೋದಿತ್ತು. ಬರೆದಿಟ್ಟುಕೊಂಡೂ ಇದ್ದೆ. ಆದರೆ ಬೆಳಿಗ್ಗೆ ಚಹಾ ಕುಡಿಯುತ್ತಾ ಕಾಮೆಂಟ್ ನೋಡಿದೆ, ತಲೆ ಕೆಟ್ಟಿತು. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಗ್ರೂಪ್ ರೈಡ್ ಅಂದ್ರ ಕಾಡಿನ ನಿಯಮರೀ. ಗಟ್ಟಿ ಇದ್ದಾಂವ ಮುಂದ, ಇಲ್ಲದಾಂವ ಮನಿಗೆ."

ಕಾಡಿನ ನಿಯಮ ಅಂತೆ! ತಮ್ಮಾ, ನೀನು ಯಾವ ಕಾಡಿಗೆ ಹೋಗಿದ್ದೆ? ಕಪ್ಪತಗುಡ್ಡಕ್ಕೆ ಹೋಗಿ ಗಾಳಿಯಂತ್ರದ ಮುಂದೆ ಸೆಲ್ಫಿ ತೆಗೆದುಕೊಂಡು ಬಂದರೆ ಕಾಡು ನೋಡಿದ ಹಾಗಲ್ಲ.

ಮೇಲಾಗಿ ನನಗೆ ಹೋದ ಭಾನುವಾರದ ಸಿಟ್ಟೇ ಇನ್ನೂ ಇಳಿದಿಲ್ಲ. ಎಂಟು ಜನ ಹುಬ್ಬಳ್ಳಿಯಿಂದ ಗದಗಿಗೆ ಹೋದೆವು, ಸುಮಾರು 60 ಕಿಲೋಮೀಟರ್. ಆಷಾಢದ ಗಾಳಿ, ಪಶ್ಚಿಮದಿಂದ ಬೀಸುತ್ತದೆ, ಹೋಗುವಾಗ ಬೆನ್ನಿಗೆ. ಎಲ್ಲರೂ ಚಾಂಪಿಯನ್. ಅಣ್ಣಿಗೇರಿ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗಲಿಲ್ಲ. ಗದಗಿನಲ್ಲಿ ಒಗ್ಗರಣಿ, ಮಿರ್ಚಿ, ಎರಡೆರಡು ಚಹಾ. ವಾಪಸ್ ಹೊರಟೆವಲ್ಲ, ಹುಲಕೋಟಿ ದಾಟುತ್ತಿದ್ದ ಹಾಗೆ ಅದೇ ಗಾಳಿ ಎದೆಗೆ ಬಂತು. ಎರಡೂ ಕಡೆ ಕರಿಮಣ್ಣಿನ ಬಯಲು, ಹೆಸರಿನ ಹೊಲ, ಗಾಳಿ ತಡೆಯೋಕೆ ಒಂದು ಗಿಡ ಇಲ್ಲ.

ನಮ್ಮಲ್ಲಿ ಒಬ್ಬ ಇದ್ದಾನೆ, ಹೊಸ ಕಾರ್ಬನ್ ಸೈಕಲ್ ತಗೊಂಡವನು. ಹೆಸರು ಹೇಳಲ್ಲ, ಅವನಿಗೆ ಗೊತ್ತು. ಮುಂದೆ ಹೋದ. ಹೋದವನು ಹೋದ, ತಿರುಗಿ ನೋಡಲಿಲ್ಲ. ಇಬ್ಬರು ಅವನನ್ನು ಹಿಡಿಯೋಕೆ ಹೋಗಿ ಏದುಸಿರು ಬಿಟ್ಟರು, ಉಳಿದವರು ಒಬ್ಬೊಬ್ಬರಾಗಿ ಚೆದುರಿದರು. ಕೊನೆಗೆ ಉಳಿದದ್ದು ನಾನು ಮತ್ತು ನಮ್ಮ ಕಾಕಾ. 61 ವರ್ಷ, ಒಂದು ಮೊಣಕಾಲು ಸರಿ ಇಲ್ಲ. ನಲವಡಿ ಹತ್ತಿರ ಕಾಕಾ ಇಳಿದರು. ಸೈಕಲನ್ನು ಕಿಲೋಮೀಟರ್ ಕಲ್ಲಿಗೆ ಒರಗಿಸಿ ಬಾಟಲಿ ಅಲ್ಲಾಡಿಸಿ ನೋಡಿದರು, ನೀರು ಖಾಲಿ. "ನೀ ಹೋಗಪಾ, ನಾ ಟಂಟಂದಾಗ ಹಾಕ್ಕೊಂಡು ಬರ್ತೇನಿ" ಅಂದರು. ಅಷ್ಟರಲ್ಲಿ ಮೊಬೈಲ್ ಟಣ್ ಅಂತು. ಕಾರ್ಬನ್ ಸೈಕಲ್‌ನವನು ಮನೆ ಮುಟ್ಟಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ್ದಾನೆ. ಸರಾಸರಿ ವೇಗದ್ದು. ಮೂರು ಬೆಂಕಿ ಎಮೋಜಿ.

ನನ್ನ ಮಾತು ಒಂದೇ. ಮುಂದೆ ಇರೋದು ಪಾಳಿ, ಪಟ್ಟ ಅಲ್ಲ. ನಿನ್ನ ಹೊತ್ತು ಬಂದಾಗ ಮುಂದೆ ಹೋಗಿ ಹಿಂದಿನವರಿಗಾಗಿ ಗಾಳಿ ತಗೋ, ಮುಗಿದಾಗ ಬಿಡು. ಹುಬ್ಬಳ್ಳಿಯವರಿಗೆ ಪಾಳಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ? ನೀರು ಬಿಡೋ ದಿನ ನಲ್ಲಿ ಮುಂದೆ ಕೊಡ ಇಟ್ಟವರಲ್ವಾ ನಾವು?

ಈಗ ಕಾಡಿಗೆ ಬರೋಣ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಕೆರೆ ಇದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿಕೊಂಡು. ಹೋದ ಚಳಿಗಾಲ ನಾನು ಕತ್ತಲಿದ್ದಾಗಲೇ ಹೋಗಿ ಕೆರೆ ಏರಿ ಮೇಲೆ ಕೂತಿದ್ದೆ, ಕೈ ಮರಗಟ್ಟಿತ್ತು. ಮೊದಲು ಸದ್ದು ಬಂತು, ಆಮೇಲೆ ಸಾಲು ಕಾಣಿಸಿತು. ಹೊಲದಲ್ಲಿ ಮೇದು ಕೆರೆಗೆ ವಾಪಸ್ ಬರುತ್ತಿದ್ದವು. ಸಾಲಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ನೋಡನೋಡುತ್ತಿದ್ದ ಹಾಗೆ ಮುಂದಿನ ತುದಿಯಲ್ಲಿದ್ದದ್ದು ಪಕ್ಕಕ್ಕೆ ಸರಿಯಿತು, ಹಿಂದಿನದು ಆ ಜಾಗಕ್ಕೆ ಬಂತು. ಅಷ್ಟೇ. ಗಲಾಟೆ ಇಲ್ಲ, ಸ್ಕ್ರೀನ್‌ಶಾಟ್ ಇಲ್ಲ.

"ನೀ ನೋಡಿದ್ದು ಪುರಾವೆ ಏನಲ್ಲ" ಅನ್ನೋರು ಇರುತ್ತಾರೆ. ಸರಿ, ಅವರಿಗೂ ಇದೆ. ಆಸ್ಟ್ರಿಯಾದಲ್ಲಿ ಐಬಿಸ್ ಅನ್ನೋ ಬೋಳು ತಲೆಯ ಹಕ್ಕಿಗಳನ್ನು, ಅಂದರೆ ನಮ್ಮ ಕೆಂಬರಲಿನ ದಾಯಾದಿಗಳನ್ನು, ಮನುಷ್ಯರೇ ಸಾಕಿದರು. ಒಂದು ಪುಟ್ಟ ವಿಮಾನದ ಹಿಂದೆ ಹಾರೋಕೆ ಕಲಿಸಿದರು. 14 ಹಕ್ಕಿ, ಪ್ರತಿಯೊಂದರ ಬೆನ್ನಿಗೂ ಒಂದು ಚಿಕ್ಕ ಜಿಪಿಎಸ್. ಹಿಂದಿನ ಹಕ್ಕಿ ಮುಂದಿನದರ ರೆಕ್ಕೆ ತುದಿಯಿಂದ ಮೇಲೇಳುವ ಗಾಳಿಯಲ್ಲಿ ಜಾಗ ಹಿಡಿಯುತ್ತದೆ, ರೆಕ್ಕೆ ಬಡಿತವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತದೆ ಅಂತ ವಿಜ್ಞಾನಿಗಳು 2014ರಲ್ಲಿ ಬರೆದರು. 2015ರಲ್ಲಿ ಬಂದದ್ದು ಇನ್ನೂ ಮಜಾ. ಒಂದು ಹಕ್ಕಿ ಎಷ್ಟು ಹೊತ್ತು ಬೇರೆಯವರ ಹಿಂದೆ ಹಾರಿತೋ, ಹೆಚ್ಚುಕಡಿಮೆ ಅಷ್ಟೇ ಹೊತ್ತು ತಾನೂ ಮುಂದೆ ಹಾರಿತು. ಲೆಕ್ಕ ಚುಕ್ತಾ. ಬೋಳು ತಲೆಯ ಹಕ್ಕಿಗೆ ಗೊತ್ತು, ಎರಡು ಲಕ್ಷದ ಸೈಕಲ್ ತಗೊಂಡವನಿಗೆ ಗೊತ್ತಿಲ್ಲ!

ಒಂದು ವ್ಯತ್ಯಾಸ ಇದೆ. ಹಕ್ಕಿಗೆ ಲಾಭ ಓರೆಯಲ್ಲಿ, ನಮಗೆ ನೇರ ಹಿಂದೆ. ಮುಂದಿನವನ ಹಿಂದೆ ಒಂದು ಗಾಲಿಯಷ್ಟು ಅಂತರದಲ್ಲಿ ಇದ್ದರೆ ಕಾಲು ಭಾಗ ಶ್ರಮ ಉಳಿಯುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ. ಗಾಳಿ ಅಡ್ಡ ಬಂದರೆ ಮಾತ್ರ ನಾವೂ ಹಕ್ಕಿ ಥರ ಓರೆಯಾಗಬೇಕು. ಆದರೆ ಹೈವೇಯಲ್ಲಿ ದಯವಿಟ್ಟು ಬೇಡ. ಉಸುಕಿನ ಲಾರಿಯವನು ಐಬಿಸ್ ಬಗ್ಗೆ ಓದಿಲ್ಲ.

ಹಕ್ಕಿ ಬಿಡಿ, ನಮ್ಮ ಎತ್ತು ನೋಡಿ. ನಮ್ಮಜ್ಜನದು ಶಿಗ್ಗಾವಿ ಕಡೆ ಹೊಲ. ಜೋಡಿಯಲ್ಲಿ ಒಂದು ಎತ್ತು ಗಟ್ಟಿ, ಇನ್ನೊಂದಕ್ಕೆ ವಯಸ್ಸಾಗಿತ್ತು. ಅಜ್ಜ ನೊಗದ ನಡುವಿನ ಹಗ್ಗವನ್ನು ಗಟ್ಟಿ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಬಿಗಿಯುತ್ತಿದ್ದ. ಮುದಿ ಎತ್ತಿನ ಕಡೆ ನೊಗ ಉದ್ದ ಉಳಿಯಿತು, ಭಾರ ಕಡಿಮೆ ಬಿತ್ತು. ಸನ್ನೆಕೋಲಿನ ಲೆಕ್ಕ, ಅಜ್ಜ ಶಾಲೆ ಮೆಟ್ಟಿಲು ಹತ್ತಿದವನಲ್ಲ. ಗಟ್ಟಿ ಎತ್ತು ತನ್ನ ಪಾಡಿಗೆ ತಾನು ಮುಂದೆ ಎಳೆದರೆ ಏನಾಗುತ್ತದೆ? ಸಾಲು ಸೊಟ್ಟ ಆಗುತ್ತದೆ. ಹೊಲದ್ದೂ ಅಷ್ಟೇ, ಸೈಕಲ್ಲಿಂದೂ ಅಷ್ಟೇ.

ಹಾಂ, ತೋಳದ ಫೋಟೋ! ನಮ್ಮ ಅಡ್ಮಿನ್ ತಿಂಗಳಿಗೊಮ್ಮೆ ಕಳಿಸುತ್ತಾರೆ. ಹಿಮದಲ್ಲಿ ತೋಳಗಳ ಸಾಲು, ಮುಂದೆ ಮುದಿ ತೋಳಗಳು, ಎಲ್ಲರ ಹಿಂದೆ ನಾಯಕ, ಶುಭೋದಯ. ಅದು ಸುಳ್ಳು ಸರ್. ಫೋಟೋ ನಿಜ, ಕತೆ ಸುಳ್ಳು. ಅಲ್ಲಿ ಮುಂದಿನ ತೋಳ ಹಿಮ ಒಡೆದು ದಾರಿ ಮಾಡುತ್ತದೆ, ಹಿಂದಿನವು ಅದೇ ಹೆಜ್ಜೆ ಜಾಡಿನಲ್ಲಿ ನಡೆದು ಶಕ್ತಿ ಉಳಿಸುತ್ತವೆ. ನಮ್ಮ ಗಾಳಿ, ಅವರ ಹಿಮ. ನಿಜ ಸಂಗತಿಯೇ ಇಷ್ಟು ಚೆನ್ನಾಗಿರುವಾಗ ಸುಳ್ಳು ಯಾಕೆ ಕಳಿಸೋದು?

ಮಧ್ಯೆ ಒಂದು ಮಾತು. ಚಾನೆಲ್ ಜರ್ಸಿ ಬಂದಿದೆ. ಬೆನ್ನ ಮೇಲೆ "ಈಗ ನಿನ್ನ ಪಾಳಿ" ಅಂತ ದೊಡ್ಡದಾಗಿ ಹಾಕಿಸಿದ್ದೇನೆ, ಹಿಂದಿನವನಿಗೆ ಓದೋಕೆ. ಎಲ್ ಸೈಜ್ ಖಾಲಿ, ಎಕ್ಸೆಲ್ ಇದೆ. ಮಿರ್ಚಿ ತಿನ್ನೋರಿಗೆ ಅದೇ ಸರಿ.

ಈಗ ವಾದ ಮಾಡೋರು. "ನಮಗೆ ಟ್ರೈನಿಂಗ್ ಆಗಬೇಕಲ್ಲ ಅಣ್ಣಾ." ಆಗಲಿ. ನೃಪತುಂಗ ಬೆಟ್ಟಕ್ಕೆ ಹೋಗು, ಹತ್ತು ಸಲ ಏರು, ಹತ್ತು ಸಲ ಇಳಿ, ಯಾರು ಬೇಡ ಅಂದರು? ಭಾನುವಾರ ನಮ್ಮ ಜೊತೆ ಬಂದಾಗ ಮಾತ್ರ ಪಾಳಿ. "ಚಿಗರಿ ಹಿಂಡು ನೋಡಿ, ಹಿಂದೆ ಬಿದ್ದದ್ದನ್ನು ಬಿಟ್ಟು ಓಡುತ್ತದೆ." ಹೌದು, ಓಡುತ್ತದೆ. ರಾಣೇಬೆನ್ನೂರಿನ ಚಿಗರಿ, ಅಂದರೆ ಕೃಷ್ಣಮೃಗದ ಬಗ್ಗೆ ಹೇಳುತ್ತಿದ್ದೇನೆ, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಚಿಗರಿ ಬಸ್ ಅಲ್ಲ. ಚಿಗರಿ ಓಡೋದು ಹಿಂದೆ ತೋಳ ಬಂದಾಗ. ನಿನ್ನ ಹಿಂದೆ ಯಾರು ಬಂದಿದ್ದರು? ಕಾಕಾ! ಖಾಲಿ ಬಾಟಲಿ ಹಿಡಿದುಕೊಂಡು!

"ಪಾಳಿ ಮಾಡಿದರೆ ಗಟ್ಟಿ ಇದ್ದವನಿಗೆ ಏನು ಲಾಭ?" ಹಿಂದೆ ಒಬ್ಬ ಇದ್ದರೆ ಮುಂದಿನವನಿಗೂ ಗಾಳಿಯ ಎಳೆತ ಚೂರು ಕಡಿಮೆಯಾಗುತ್ತದೆ. ಚೂರೇ, ಆದರೂ ಆಗುತ್ತದೆ. ಲಾಭ ಕೇಳುತ್ತಾನಂತೆ ಲಾಭ! ಯಪ್ಪಾ, ಇದು ಗದಗ ಜಿಲ್ಲೆ, ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದು 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಜಿಲ್ಲೆ. ಆ ರೋಡಲ್ಲಿ ಸೈಕಲ್ ಹೊಡೆಯುತ್ತಾ ನನಗೇನು ಲಾಭ ಅಂತ ಕೇಳುತ್ತೀಯಲ್ಲ, ನಾಚಿಕೆ ಆಗಬೇಕು.

ಮಾಡೋದು ಕಷ್ಟ ಏನಿಲ್ಲ. ಮುಂದೆ ಬಂದಾಗ ವೇಗ ಏರಿಸಬೇಡಿ, ಎಲ್ಲರೂ ಕೆಡೋದು ಅಲ್ಲೇ. ಎರಡು ನಿಮಿಷ ಸಾಕು. ಹಿಂದೆ ನೋಡಿ, ಮೊಣಕೈ ಅಲ್ಲಾಡಿಸಿ, ಪಕ್ಕಕ್ಕೆ ಸರಿದು ನಿಧಾನ ಮಾಡಿ, ಕೊನೆಗೆ ಹೋಗಿ ಸೇರಿಕೊಳ್ಳಿ. ತಗ್ಗು ಬಂದರೆ ಕೂಗಿ. ಕಾಕಾನಂಥವರಿಗೆ ಅರ್ಧ ನಿಮಿಷದ ಪಾಳಿ ಕೊಡಿ, ಕೊಡದೇ ಇರಬೇಡಿ, ಅವರಿಗೆ ಅದು ಬೇಕು. ಮುಂದೆ ಇರೋದು ಪಾಳಿ. ಪಾಳಿ! ಎಷ್ಟು ಸಲ ಹೇಳಲಿ?

ಇನ್ನೂ ಇರುವೆ ಬಗ್ಗೆ ಬರೆದಿದ್ದೆ, ಜೇನಿನ ಬಗ್ಗೆ ಬರೆದಿದ್ದೆ, ಹಾಳೆ ಎಲ್ಲಿ ಹೋಯಿತೋ. ಬಿಡಿ. ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಉಣಕಲ್ ಕೆರೆ ಹತ್ತಿರ ಸೇರೋಣ. ಕಾಕಾ ಬರುತ್ತಾರೆ, ಫೋನ್ ಮಾಡಿ ಕೇಳಿದ್ದೇನೆ. ಕಾರ್ಬನ್ ಸೈಕಲ್‌ನವನೂ ಬರಬಹುದು, ಎರಡು ಬಾಟಲಿ ನೀರು ತಂದರೆ. ಮತ್ತೆ ಪಂಕ್ಚರ್ ಕಿಟ್ ನಿಮ್ಮದು ನೀವು ತನ್ನಿ, ಹೋದ ಸಲ ನಾಲ್ಕು ಜನ ನನ್ನದನ್ನೇ ಖಾಲಿ ಮಾಡಿದ್ದೀರಿ.