ಮರಿನೋ ಮತ್ತೊಮ್ಮೆ ಬೇರ್ಸ್ ಎದುರು ನಿಂತಿದ್ದರೆ?

[ಪರದೆಯಲ್ಲಿ: ಮಯಾಮಿ, 1985 ಡಿಸೆಂಬರ್ 2, ಸೋಮವಾರ ರಾತ್ರಿ]

ಅಮೆರಿಕನ್ ಫುಟ್‌ಬಾಲ್ ಪಂದ್ಯ. ಮಯಾಮಿ ಡಾಲ್ಫಿನ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸೋ ಆಟಗಾರ) ಡ್ಯಾನ್ ಮರಿನೋ ಎಸೆದ ಚೆಂಡು ಸೀದಾ ಹೋಗಿ ಎದುರಾಳಿ ಷಿಕಾಗೋ ಬೇರ್ಸ್‌ನ ಡ್ಯಾನ್ ಹ್ಯಾಂಪ್ಟನ್ ಹೆಲ್ಮೆಟ್‌ಗೆ ಬಡಿಯಿತು. ಹಾಳಾಯ್ತು ಅಂತ ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಅದು ಮೇಲಕ್ಕೆ ಚಿಮ್ಮಿ ಮರಿನೋ ತಂಡದವನೇ ಆದ ಮಾರ್ಕ್ ಕ್ಲೇಟನ್ ಕೈಗೆ ಬಿತ್ತು, ಅವನು ಓಡಿಹೋಗಿ ಕೊನೆಗೆರೆ ದಾಟಿ ಟಚ್‌ಡೌನ್ ಮಾಡಿಬಿಟ್ಟ!

ಅಲ್ಲಿಯವರೆಗೆ ಷಿಕಾಗೋ ಬೇರ್ಸ್ ಆಡಿದ 12ಕ್ಕೆ 12 ಪಂದ್ಯವೂ ಗೆದ್ದಿತ್ತು. ಅವತ್ತು ಮಯಾಮಿ ಡಾಲ್ಫಿನ್ಸ್ ಅವರನ್ನು 38-24ರಲ್ಲಿ ಮಣಿಸಿತು. ಆ ಸೀಸನ್‌ನಲ್ಲಿ ಬೇರ್ಸ್ ಸೋತಿದ್ದು ಅದೊಂದೇ ಸಲ.

ಆದರೆ ಅದು ಬರೀ ಅದೃಷ್ಟ ಅಲ್ಲ. ಬೇರ್ಸ್ ಹತ್ತಿರ '46 ಡಿಫೆನ್ಸ್' ಅನ್ನೋ ತಡೆಯುವ ತಂತ್ರ ಇತ್ತು (46 ಅನ್ನೋದು ಡಗ್ ಪ್ಲ್ಯಾಂಕ್ ಅನ್ನೋ ಹಳೇ ಆಟಗಾರನ ಜೆರ್ಸಿ ನಂಬರ್, ಅಷ್ಟೇ). ಎಂಟು ಜನ ಚೆಂಡಿನ ಹತ್ತಿರವೇ ಗುಂಪು ಕಟ್ಟಿಕೊಂಡು ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳೋದು. ಮುಂದೆ ಜನ ಜಾಸ್ತಿ ಆದರೆ ಹಿಂದೆ ಜಾಗ ಖಾಲಿ, ಅಲ್ವಾ? ಕೋಚ್ ಡಾನ್ ಶುಲಾ ಹಿಡಿದಿದ್ದು ಅದನ್ನೇ. ಮೂರನೇ ರಿಸೀವರ್ (ಎಸೆದ ಚೆಂಡು ಹಿಡಿಯೋನು) ಆಗಿ ನ್ಯಾಟ್ ಮೂರ್‌ನನ್ನು ಇಳಿಸಿದರು, ಅವನ ಹಿಂದೆ ಓಡೋ ಕೆಲಸ ಅಷ್ಟು ವೇಗ ಇಲ್ಲದ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಮಧ್ಯದ ಸಾಲಿನವನು) ತಲೆಗೆ ಬಿತ್ತು. ಮರಿನೋ ಅಂತೂ ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳೋ ಆಸಾಮಿಯೇ ಅಲ್ಲ, ಸಿಕ್ಕ ತಕ್ಷಣ ಎಸೀತಿದ್ದ. ಅರ್ಧ ಆಟಕ್ಕೇ 31-10!

ಹಾಗಾದರೆ ಸೀಸನ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಇವರಿಬ್ಬರೇ ಮತ್ತೆ ಸಿಗಬೇಕಿತ್ತು. ಸಿಗಲಿಲ್ಲ. 1986 ಜನವರಿ 12ರ ಸೆಮಿಫೈನಲ್‌ನಲ್ಲಿ ಡಾಲ್ಫಿನ್ಸ್ ತಮ್ಮ ಮನೆಯಂಗಳದಲ್ಲೇ ಆರು ಸಲ ಚೆಂಡು ಕಳಕೊಂಡು, ಅಲ್ಲಿ ಸತತ 18 ಪಂದ್ಯ ಸೋತಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕೈಲಿ 31-14ಕ್ಕೆ ಏಟು ತಿಂದರು. ಆ ಪೇಟ್ರಿಯಟ್ಸ್ ಫೈನಲ್‌ಗೆ ಹೋಗಿ ಬೇರ್ಸ್ ಎದುರು ಓಡಿ ಗಳಿಸಿದ್ದು ಒಟ್ಟು 7 ಗಜ. ಏಳೇ ಏಳು! ಸ್ಕೋರ್ 46-10.

[ಪರದೆಯಲ್ಲಿ: ಮರಿನೋ ಎದುರು ಬೇರ್ಸ್, ಫೈನಲ್ ನಡೆದ ನ್ಯೂ ಆರ್ಲಿಯನ್ಸ್]

ಮರಿನೋ ಇದ್ದಿದ್ದರೆ ಆ ಪಂದ್ಯ ಅಷ್ಟು ಸಪ್ಪೆ ಆಗ್ತಿರಲಿಲ್ಲ. ಛಾವಣಿ ಇರೋ ಸ್ಟೇಡಿಯಂ, ಗಾಳಿ ಮಳೆ ಕಾಟ ಇಲ್ಲ, ಎಸೆಯೋನಿಗೆ ಅದಕ್ಕಿಂತ ಇನ್ನೇನು ಬೇಕು? ಆದರೂ ಡಾಲ್ಫಿನ್ಸ್ ಗೆಲ್ತಿತ್ತು ಅಂತ ನಾನು ಹೇಳಲ್ಲ. ಯಾಕಂದ್ರೆ ಪೇಟ್ರಿಯಟ್ಸ್ ಡಾಲ್ಫಿನ್ಸ್ ಮೇಲೆ ಬರೀ ಓಡಿಯೇ 255 ಗಜ ಹೊಡೆದಿದ್ದರು. ಬೇರ್ಸ್ ಸೋತ ಆ ಸೋಮವಾರವೂ ಅವರ ಓಟಗಾರ ವಾಲ್ಟರ್ ಪೇಟನ್ 121 ಗಜ ಓಡಿದ್ದ. ಜೊತೆಗೆ, ಆ ರಾತ್ರಿ ಗಾಯದಿಂದಾಗಿ ಬೆಂಚಲ್ಲಿ ಕೂತು ಆಮೇಲೆ ಇಳಿದಿದ್ದ ಬೇರ್ಸ್ ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮಹನ್ ಫೈನಲ್‌ನಲ್ಲಿ ಮೊದಲಿಂದಲೇ ಆಡ್ತಿದ್ದ. ಪೇಟನ್ ಓಡ್ತಾ ಓಡ್ತಾ ಆಟದ ಸಮಯ ತಿಂದುಹಾಕಿದ್ರೆ ಮರಿನೋ ಪಾಪ ಹೊರಗೆ ಹೆಲ್ಮೆಟ್ ಹಿಡ್ಕೊಂಡು ನಿಂತಿರ್ತಿದ್ದ.

ನನ್ನ ಲೆಕ್ಕ: ಬೇರ್ಸ್ 31, ಡಾಲ್ಫಿನ್ಸ್ 24. ಹೆಲ್ಮೆಟ್‌ಗೆ ಬಡಿದ ಚೆಂಡು ಇನ್ನೊಂದು ಸಲ ಅದೇ ಕೈಗೆ ಬೀಳದಿದ್ದರೆ.